ಲೈಬ್ರರಿ ಮೇಜಿನ ಮೇಲೆ ಪಾಸ್‌ಬುಕ್



ಸಂಕ್ರಾಂತಿ ಕಳೀತು, ರಾಗಿ ಕಣದ ಕೆಲಸವೂ ಮುಗೀತು. ತೆಂಗಿನ ಬಿಳಿನೊಣದ ಬಗ್ಗೆ ಕೇಳಿದವರಿಗೆ ಮುಂದಿನ ಬರಹದಲ್ಲಿ ಉತ್ತರ ಕೊಡ್ತೀನಿ, ಮರೆತಿಲ್ಲ. ಇವತ್ತು ಬೆಳೆ ವಿಷಯ ಅಲ್ಲ. ನಮ್ಮ ಪಂಚಾಯ್ತಿ ಲೈಬ್ರರಿ ವಿಷಯ, ಅದರ ಜೊತೆಗೆ ದುಡ್ಡಿನ ವಿಷಯ. ಸ್ವಲ್ಪ ಉದ್ದ ಇದೆ. ಮನೆಗೆ ಹೋಗಿ, ಕೈಕಾಲು ತೊಳ್ಕೊಂಡು, ಕೂತು ಓದಿ.

ಮುಂದಿನ ತಿಂಗಳು ಫೆಬ್ರವರಿ. ರಿಸರ್ವ್ ಬ್ಯಾಂಕಿನವರ ಆರ್ಥಿಕ ಸಾಕ್ಷರತಾ ಸಪ್ತಾಹ ಬರೋ ಕಾಲ. ಹೋದ ವರ್ಷ, ಅಂದ್ರೆ 2025ರಲ್ಲಿ, ಫೆಬ್ರವರಿ 24ರಿಂದ 28ರವರೆಗೆ ನಡೀತು. ವಿಷಯ ಮಹಿಳೆಯರ ಸಮೃದ್ಧಿ. ನಮ್ಮ ಲೈಬ್ರರಿಗೂ ಒಂದು ಬ್ಯಾಂಕಿನವರು ಬಂದಿದ್ರು. ಬೆಳಿಗ್ಗೆ ಹನ್ನೊಂದು ಗಂಟೆ. ಬ್ಯಾನರ್ ಕಟ್ಟಿದ್ರು, ಕಾಲು ಗಂಟೆ ಮಾತಾಡಿದ್ರು, ಪೆನ್ನು ಹಂಚಿದ್ರು, ಫೋಟೋ ತೆಗೆಸ್ಕೊಂಡು ಹೊರಟ್ರು. ಮಹಿಳೆಯರ ಸಮೃದ್ಧಿ ಅಂತ ಬ್ಯಾನರ್, ಕೂತಿದ್ದ ಹೆಂಗಸರು ಐದು ಜನ. ಅದರಲ್ಲಿ ಇಬ್ಬರು ಅಂಗನವಾಡಿಯವರು, ಒಬ್ಬರು ನಮ್ಮ ಗ್ರಂಥಪಾಲಕಿಯೇ. ಹನ್ನೊಂದು ಗಂಟೆಗೆ ಹೊಲ ಬಿಟ್ಟು, ದನ ಬಿಟ್ಟು ಯಾವ ಹೆಂಗಸು ಬರ್ತಾಳೆ ಹೇಳಿ.

ಬಂದವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಆ ಹುಡುಗ ಒಳ್ಳೆಯವನೇ, ಅವತ್ತು ಅವನಿಗೆ ಇನ್ನೂ ಮೂರು ಊರು ಇತ್ತು. ಆದರೆ ಅವತ್ತಿನಿಂದ ಇವತ್ತಿನ ತನಕ ನಮ್ಮ ಲೈಬ್ರರಿಯಲ್ಲಿ ಬೇರೆ ಒಂದು ಕೆಲಸ ನಡೀತಾ ಬಂದಿದೆ. ಬ್ಯಾನರ್ ಇಲ್ಲ, ಮೈಕ್ ಇಲ್ಲ. ಅದನ್ನ ನೋಡಿದ ಮೇಲೆ ನನಗೆ ಒಂದು ಅಭಿಪ್ರಾಯ ಬಂದಿದೆ. ಈ ಕಾರ್ಯಕ್ರಮ ಲೈಬ್ರರಿಯಲ್ಲೇ ಆಗಬೇಕು, ಆದರೆ ಈಗ ಆಗೋ ಥರ ಅಲ್ಲ. ಯಾಕೆ ಅಂತ ಹೇಳ್ತೀನಿ.

ಶುರುವಾಗಿದ್ದು ಹೀಗೆ. ಸಪ್ತಾಹ ಮುಗಿದ ಮೇಲೆ ಬ್ಯಾಂಕಿನವರು ಬಿಟ್ಟುಹೋದ ಪುಸ್ತಕಗಳು ಮೇಜಿನ ಮೇಲೆ ಇದ್ವು. ನಮ್ಮೂರಲ್ಲಿ ಒಬ್ಬರು ನಿವೃತ್ತ ಪೋಸ್ಟ್ ಮಾಸ್ಟರ್ ಇದಾರೆ, ದಿನಾ ಪೇಪರ್ ಓದೋಕೆ ಬರೋರು. ಒಂದಿನ ಪಕ್ಕದ ಕೇರಿಯ ಒಬ್ಬ ಅಜ್ಜಿ ಮೊಮ್ಮಗಳನ್ನ ಕರ್ಕೊಂಡು ಹೋಗೋಕೆ ಬಂದೋಳು, 'ಸ್ವಾಮಿ, ಇದರಲ್ಲಿ ಪಿಂಚಣಿ ಬಂದೈತಾ ನೋಡಿ' ಅಂತ ಸೆರಗಿನಿಂದ ಪಾಸ್‌ಬುಕ್ ತೆಗೆದ್ಲು. ಅವರು ಓದಿ ಹೇಳಿದ್ರು. ಮಾರನೇ ದಿನ ಇಬ್ಬರು ಬಂದ್ರು. ಆಮೇಲೆ ಗ್ರಂಥಪಾಲಕಿಯೇ, ಎರಡನೇ ಶನಿವಾರ ಸಂಜೆ ಐದರಿಂದ ಏಳು, ಪಾಸ್‌ಬುಕ್ ಇರೋರು ಬನ್ನಿ ಅಂತ ಹಲಗೆ ಮೇಲೆ ಬರೆದ್ರು. ಅಷ್ಟೇ. ಈಗ ಹತ್ತಿರ ಹತ್ತಿರ ಒಂದು ವರ್ಷ ಆಯ್ತು. ನಾನೂ ಹೋಗಿ ಕೂರ್ತೀನಿ. ಕೂಡೋದು ಕಳೆಯೋದು ಬಿಟ್ಟರೆ ನನಗೆ ಬೇರೆ ಏನೂ ಬರಲ್ಲ, ಅದೇ ಸಾಕಾಗುತ್ತೆ.

ಆ ಮೇಜಿನ ಮೇಲೆ ನಾನು ಕಂಡಿದ್ದನ್ನ ಒಂದೊಂದಾಗಿ ಹೇಳ್ತೀನಿ.

ಮೊದಲನೇದು, ದುಡ್ಡು ಬಂದಿದೆ, ಬಂದಿರೋದು ಗೊತ್ತಿಲ್ಲ. ನಮ್ಮಲ್ಲಿ ಒಬ್ಬೊಬ್ಬರಿಗೆ ಮೂರು ಖಾತೆ. ಜನಧನ್ ಅಂತ ಒಂದು, ಬೆಳೆ ಸಾಲಕ್ಕೆ ಒಂದು, ನರೇಗಾಕ್ಕೆ ಇನ್ನೊಂದು. ಸರ್ಕಾರದ ದುಡ್ಡು ಬರೋದು ಆಧಾರ್ ಜೋಡಣೆ ಆಗಿರೋ ಖಾತೆಗೆ. ಯಾವುದಕ್ಕೆ ಜೋಡಣೆ ಆಗಿದೆ ಅಂತ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಒಬ್ಬರು ಹಿಂದಿನ ಸಾಲಿನಲ್ಲಿ ಬೆಂಬಲ ಬೆಲೆಗೆ 12 ಕ್ವಿಂಟಲ್ ರಾಗಿ ಕೊಟ್ಟಿದ್ರು. ಆಗ ಕ್ವಿಂಟಲ್‌ಗೆ 4,290 ಇತ್ತು, 2025-26ನೇ ಸಾಲಿಗೆ 4,886 ಆಯ್ತು. 51,480 ರೂಪಾಯಿ ಬರಬೇಕು. ಬಂದಿಲ್ಲ ಅಂತ ಖರೀದಿ ಕೇಂದ್ರಕ್ಕೆ ಅಲೆದಿದ್ದೇ ಅಲೆದಿದ್ದು. ಅಷ್ಟರಲ್ಲಿ ಮಗಳ ಕಾಲೇಜಿಗೆ ಅಂತ ನೂರಕ್ಕೆ ಮೂರರಂತೆ 30,000 ಕೈಸಾಲ ತಂದು, ನಾಲ್ಕು ತಿಂಗಳು ಬಡ್ಡಿ ಕಟ್ಟಿದ್ರು. ತಿಂಗಳಿಗೆ 900, ಒಟ್ಟು 3,600. ಮೇಜಿನ ಮುಂದೆ ಕೂತು ವಿಚಾರಿಸಿದ್ರೆ, ದುಡ್ಡು ಎಂದೋ ತೆಗೆಸಿ ಮರೆತ ಹಳೇ ಖಾತೆಯಲ್ಲಿ ತಣ್ಣಗೆ ಕೂತಿತ್ತು. ಇದನ್ನ ಅಜ್ಞಾನ ಅನ್ನೋಕೆ ನನಗೆ ಮನಸ್ಸಿಲ್ಲ. ಆ ಮನುಷ್ಯ ಮೋಡ ನೋಡಿ ಮಳೆ ಹೇಳ್ತಾರೆ, ಕಾಯಿ ತಟ್ಟಿ ನೋಡಿ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳ್ತಾರೆ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಎರಡನೇದು, ಬಡ್ಡಿ ಲೆಕ್ಕ. ಇದರಲ್ಲಿ ನನ್ನ ಕಥೆಯೂ ಇದೆ, ಮುಚ್ಚಿಡಲ್ಲ.

ಕಿಸಾನ್ ಕ್ರೆಡಿಟ್ ಕಾರ್ಡ್ ಬೆಳೆ ಸಾಲಕ್ಕೆ ಬ್ಯಾಂಕಿನಲ್ಲಿ 3 ಲಕ್ಷದವರೆಗೆ ಬಡ್ಡಿ ವರ್ಷಕ್ಕೆ 7 ಪರ್ಸೆಂಟ್. ಗಡುವಿನೊಳಗೆ ಕಟ್ಟಿದರೆ ಅದರಲ್ಲಿ 3 ಪರ್ಸೆಂಟ್ ವಾಪಸ್, ಅಂದ್ರೆ ನಮಗೆ ಬೀಳೋದು 4. ನನ್ನದು 2 ಲಕ್ಷ ಸಾಲ. ವರ್ಷಕ್ಕೆ ಬಡ್ಡಿ 14,000. ಟೈಮಿಗೆ ಕಟ್ಟಿದ್ರೆ 6,000 ಉಳಿತಾಯ, 8,000ಕ್ಕೆ ಮುಗಿಯುತ್ತೆ. ಎರಡು ವರ್ಷದ ಹಿಂದೆ ನಾನು ಕೊಬ್ಬರಿ ರೇಟು ಇನ್ನೂ ಏರುತ್ತೆ ಅಂತ ಅಟ್ಟದಲ್ಲೇ ಇಟ್ಟು ಕಾದೆ. ಗಡುವು 19 ದಿನ ದಾಟಿತು. ಹತ್ತೊಂಬತ್ತು ದಿನಕ್ಕೆ ಬಡ್ಡಿ ಎಷ್ಟಾಗುತ್ತೆ, ಸಾವಿರ ರೂಪಾಯಿ ಒಳಗೆ ಅಂತ ಲೆಕ್ಕ ಹಾಕಿದ್ದೆ. ಹೋಗಿದ್ದು ಇಡೀ ವರ್ಷದ 6,000. ಗಡುವು ಅನ್ನೋದು ಬದು ಇದ್ದಂಗೆ. ಒಂದಡಿ ದಾಟಿದರೂ ದಾಟಿದಂಗೇ.

ನನ್ನ ಹತ್ತಿರದ ಸಂಬಂಧಿಕರೊಬ್ಬರು ನನಗಿಂತ ಜಾಣರು. ಗಡುವು ತಪ್ಪಬಾರದು ಅಂತ ಹೊರಗಡೆ 2 ಲಕ್ಷ ಕೈಸಾಲ ತಂದು ಬ್ಯಾಂಕಿಗೆ ಕಟ್ಟಿದ್ರು, ಹನ್ನೆರಡು ದಿನದಲ್ಲಿ ಹೊಸ ಸಾಲ ಬಂತು, ತಂದವರಿಗೆ ವಾಪಸ್ ಕೊಟ್ರು. ಕೊಟ್ಟವರು ಹನ್ನೆರಡು ದಿನ ಅಂತ ಬಿಡ್ತಾರಾ? ಪೂರ್ತಿ ತಿಂಗಳ ಬಡ್ಡಿ ಹಿಡಿದ್ರು. ನೂರಕ್ಕೆ ಮೂರು, 2 ಲಕ್ಷಕ್ಕೆ 6,000. ಸರ್ಕಾರ ಕೊಡೋ 3 ಪರ್ಸೆಂಟ್ ವರ್ಷದ್ದು, ಅದೂ 6,000. ಹೊರಗಿನವರ ಮೂರು ರೂಪಾಯಿ ತಿಂಗಳದ್ದು, ಅದೂ 6,000. ಈ ಕೈಯಲ್ಲಿ ಬಂದಿದ್ದು ಆ ಕೈಯಲ್ಲಿ ಹೋಯ್ತು. ಸಾಲ ಸುಸ್ತಿ ಆಗಲಿಲ್ಲ ಅನ್ನೋದೊಂದೇ ಲಾಭ.

'ಮೂರು' ಅನ್ನೋ ಒಂದೇ ಪದ, ಒಂದು ಕಡೆ ವರ್ಷಕ್ಕೆ, ಇನ್ನೊಂದು ಕಡೆ ತಿಂಗಳಿಗೆ. ನೂರಕ್ಕೆ ಮೂರು ಅಂದ್ರೆ ವರ್ಷಕ್ಕೆ 36 ಪರ್ಸೆಂಟ್. ನಾವು ಬ್ಯಾಂಕಿನ ಭಾಷೆಯಲ್ಲಿ ವರ್ಷದ ಲೆಕ್ಕ ಕೇಳ್ತೀವಿ, ಊರಿನ ಭಾಷೆಯಲ್ಲಿ ತಿಂಗಳ ಲೆಕ್ಕ ಆಡ್ತೀವಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಯಾವತ್ತೂ ಇಡಲ್ಲ. ಲೈಬ್ರರಿಯ ಕಪ್ಪು ಹಲಗೆ ಮೇಲೆ ಇದನ್ನ ಅಕ್ಕಪಕ್ಕ ಬರೆದ ದಿನ ಎಂಟು ಜನ ಇದ್ವಿ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಸಂಘದ ಸಾಲ, ಫೈನಾನ್ಸ್ ಸಾಲ, ಟ್ರ್ಯಾಕ್ಟರ್ ಸಾಲ ತಗೊಳ್ಳೋರಿಗೆ ಇನ್ನೊಂದು ಲೆಕ್ಕ. 'ಫ್ಲ್ಯಾಟ್ ರೇಟು 12 ಪರ್ಸೆಂಟ್ ಅಷ್ಟೇ' ಅಂತಾರೆ. ಒಂದು ಲಕ್ಷ ತಗೊಂಡ್ರಿ ಅನ್ನಿ, ಹನ್ನೆರಡು ಕಂತು, ತಿಂಗಳಿಗೆ 9,333. ಬಡ್ಡಿ ಒಟ್ಟು 12,000, ಸರಿಯಾಗೇ ಕಾಣುತ್ತೆ. ಆದರೆ ಆರು ತಿಂಗಳಿಗೆ ಅಸಲು ಅರ್ಧ ವಾಪಸ್ ಹೋಗಿರುತ್ತೆ. ಕೊನೇ ತಿಂಗಳಲ್ಲಿ ನಿಮ್ಮ ಕೈಯಲ್ಲಿರೋದು ಎಂಟು ಸಾವಿರ ಚಿಲ್ಲರೆ. ಬಡ್ಡಿ ಮಾತ್ರ ಪೂರ್ತಿ ಲಕ್ಷಕ್ಕೆ ಹಾಕಿರ್ತಾರೆ. ಕಡಿಮೆಯಾಗೋ ಅಸಲಿನ ಮೇಲೆ ಲೆಕ್ಕ ಹಾಕಿದ್ರೆ ಅದು 12 ಅಲ್ಲ, 21ರಿಂದ 22ರ ಹತ್ತಿರ ಬರುತ್ತೆ. ಈಗ ಇದಕ್ಕೊಂದು ನಿಯಮ ಇದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಕೊಡೋ ಇಂಥ ಚಿಲ್ಲರೆ ಸಾಲಕ್ಕೆಲ್ಲ ಮುಖ್ಯಾಂಶಗಳ ಹಾಳೆ ಒಂದನ್ನ ಕೊಡಬೇಕು. ಎಲ್ಲ ಖರ್ಚು ಸೇರಿ ವಾರ್ಷಿಕ ದರ ನಿಜಕ್ಕೂ ಎಷ್ಟು ಅಂತ ಅದರಲ್ಲಿ ಇರಬೇಕು, ಅದೂ ಸಾಲ ತಗೊಳ್ಳೋರಿಗೆ ಅರ್ಥ ಆಗೋ ಭಾಷೆಯಲ್ಲಿ. ಸಹಿ ಹಾಕೋಕೆ ಮುಂಚೆ ಆ ಹಾಳೆ ಕೇಳಿ. ಇಂಗ್ಲಿಷ್‌ನಲ್ಲಿ ಕೊಟ್ಟರೆ ಕನ್ನಡದ್ದು ಕೇಳಿ. ಕೇಳೋದು ತಪ್ಪಲ್ಲ.

ಗೊಬ್ಬರ ಔಷಧಿ ಅಂಗಡಿ ಉದ್ರಿಯೂ ಸಾಲವೇ. ನಗದಿಗೆ 1,000ದ ಔಷಧಿ, ಉದ್ರಿಗೆ 1,150, ನಾಲ್ಕು ತಿಂಗಳಾದ ಮೇಲೆ ಕಟ್ಟೋದು ಅಂತಿಟ್ಕೊಳ್ಳಿ. ನಾಲ್ಕು ತಿಂಗಳಿಗೆ 15, ವರ್ಷಕ್ಕೆ 45 ಪರ್ಸೆಂಟ್. ಯಾರೂ ಅದನ್ನ ಬಡ್ಡಿ ಅನ್ನಲ್ಲ, 'ಉದ್ರಿ ರೇಟು' ಅಂತಾರೆ. ಅಂಗಡಿಯವರೂ ನಮ್ಮವರೇ, ಕಷ್ಟಕ್ಕೆ ಆಗೋರೇ. ಆದರೆ ಎಷ್ಟಕ್ಕೆ ಆಗ್ತಾ ಇದಾರೆ ಅನ್ನೋದು ನಮಗೆ ಗೊತ್ತಿರಬೇಕು.

ಮೂರನೇದು ಹೇಳೋಕೆ ನನಗೆ ಕಷ್ಟ ಆಗುತ್ತೆ. ಆ ಮನೆಯವರ ಒಪ್ಪಿಗೆ ಕೇಳಿಯೇ ಬರೀತಾ ಇದೀನಿ.

2024ರ ಕಾರ್ತಿಕದಲ್ಲಿ ನಮ್ಮ ಕೇರಿಯ ಒಬ್ಬರು ತೆಂಗಿನ ಮರದಿಂದ ಬಿದ್ರು. ಬೇರೆಯವರ ತೋಟದಲ್ಲಿ ಕಾಯಿ ಕೆಡವೋಕೆ ಹೋಗಿದ್ರು. ನಾನೇ ಗಾಡಿ ತಂದೆ. ತಾಲ್ಲೂಕು ಆಸ್ಪತ್ರೆಗೆ ಹೊರಟ್ವಿ. ಅರ್ಧ ದಾರಿಯಲ್ಲಿ ಉಸಿರು ನಿಂತುಹೋಯ್ತು. ಗಾಡಿಯಲ್ಲಿ ಇದ್ದ ಮೂರು ಜನ ಮುಖ ಮುಖ ನೋಡ್ಕೊಂಡ್ವಿ. 'ಇನ್ನೇನಕ್ಕೆ ಆಸ್ಪತ್ರೆ, ಸುಮ್ನೆ ಕೊಯ್ದು ಕೊಡ್ತಾರೆ, ಮನೆಗೆ ಕರ್ಕೊಂಡು ಹೋಗೋಣ' ಅಂದಿದ್ದು ನಾನು. ಗಾಡಿ ತಿರುಗಿಸಿದ್ವಿ. ಸಂಜೆಯೇ ಮಣ್ಣು ಆಯ್ತು.

2025ರ ಜೂನ್‌ನಲ್ಲಿ ಅವರ ಹೆಂಡತಿ ಲೈಬ್ರರಿಗೆ ಬಂದ್ರು. ವಿಧವಾ ವೇತನ ಬಂತಾ ನೋಡಿ ಅಂತ ತಮ್ಮ ಪಾಸ್‌ಬುಕ್ ತಂದಿದ್ರು, ಕವರಿನಲ್ಲಿ ಗಂಡನ ಪಾಸ್‌ಬುಕ್ಕೂ ಇತ್ತು. ಪೋಸ್ಟ್ ಮಾಸ್ಟರು ಅದನ್ನೂ ತಿರುವಿ ಹಾಕಿದ್ರು. 2024ರ ಮೇ ಕೊನೇ ವಾರದಲ್ಲಿ ಒಂದು ಸಾಲು, 20 ರೂಪಾಯಿ ಕಡಿತ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳು: ಪಿಎಂಎಸ್‌ಬಿವೈ. ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಖಾತೆ ತೆಗೆಯೋವಾಗ ಎಲ್ಲೋ ಸಹಿ ಹಾಕಿದಾರೆ, ವರ್ಷಾ ವರ್ಷಾ ಕಡಿತ ಆಗ್ತಾ ಬಂದಿದೆ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಜೂನ್‌ನಿಂದ ಮುಂದಿನ ಮೇ ತನಕ ಚಾಲ್ತಿ. ಕಾರ್ತಿಕ ಅದರ ಒಳಗೇ ಬರುತ್ತೆ.

ಬ್ಯಾಂಕಿಗೆ ನಾನೇ ಜೊತೆಗೆ ಹೋದೆ. ಫಾರಂ ಕೊಟ್ರು, ತುಂಬಿದ್ವಿ, ಮರಣ ಪ್ರಮಾಣ ಪತ್ರ ಇಟ್ವಿ. ಆಸ್ಪತ್ರೆ ದಾಖಲೆ ಎಲ್ಲಿ ಅಂದ್ರು. ಮರದಿಂದ ಬಿದ್ದರೆ, ಹಾವು ಕಚ್ಚಿದರೆ, ಕೂಡಲೇ ಆಸ್ಪತ್ರೆಗೆ ಹೋದ ದಾಖಲೆ ಬೇಕು ಅಂತ ಆ ಯೋಜನೆಯ ನಿಯಮದಲ್ಲೇ ಇದೆ. ರಸ್ತೆ ಅಪಘಾತ, ನೀರಲ್ಲಿ ಮುಳುಗಿದ್ದು, ಇಂಥದ್ದಕ್ಕಾದರೆ ಪೊಲೀಸರಿಗೆ ದೂರು ಆಗಿರಬೇಕು. ನಮ್ಮ ಹತ್ತಿರ ಎರಡೂ ಇಲ್ಲ. ಊರವರೆಲ್ಲ ಸಾಕ್ಷಿ ಹೇಳ್ತೀವಿ ಅಂದ್ವಿ. ಅರ್ಜಿ ಹೋಯ್ತು, ದಾಖಲೆ ಇಲ್ಲ ಅಂತ ವಾಪಸ್ ಬಂತು.

ಎರಡು ಲಕ್ಷ. ಆ ಮನೆಯ ಮೇಲೆ ಅರವತ್ತು ಸಾವಿರ ಸಾಲ ಇತ್ತು. ಅದು ತೀರಿ, ಮಗನ ಓದಿಗೆ ಉಳಿಯೋದು. ಗಾಡಿ ಇನ್ನೊಂದು ಎಂಟು ಕಿಲೋಮೀಟರ್ ಮುಂದೆ ಹೋಗಿದ್ದಿದ್ರೆ ಒಂದು ಚೀಟಿ ಸಿಗೋದು. ಆಯಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. 'ನಿಮಗೇನು ಗೊತ್ತಿತ್ತು ಬಿಡಿ' ಅಂದ್ರು. ನನಗೆ ಗೊತ್ತಿರಲಿಲ್ಲ ಅನ್ನೋದು ನಿಜ. ಆ ಊರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕಿತ್ತು ಅನ್ನೋದೂ ನಿಜ. ಅದಕ್ಕೇ ಇಷ್ಟುದ್ದ ಬರೀತಾ ಇರೋದು.

ದಯವಿಟ್ಟು ಇದೊಂದನ್ನ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಮರದಿಂದ ಬಿದ್ದರೂ, ಹಾವು ಕಚ್ಚಿದರೂ, ಜೀವ ಹೋಗಿದೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಿ. ಮೊದಲನೇ ಕಾರಣ, ಜೀವ ಹೋಗಿದೆಯೋ ಇಲ್ಲವೋ ಹೇಳಬೇಕಾದವರು ವೈದ್ಯರು, ನಾವಲ್ಲ. ಎರಡನೇ ಕಾರಣ ಆ ಚೀಟಿ. ಇವತ್ತೇ ಪಾಸ್‌ಬುಕ್ ತೆಗೆದು ನೋಡಿ, ಮೇ ಕೊನೆಗೆ 20 ರೂಪಾಯಿ ಹೋಗಿದೆಯಾ ಅಂತ. ಹೋಗಿದ್ದರೆ ಅದು 18ರಿಂದ 70 ವರ್ಷದವರ ಅಪಘಾತ ವಿಮೆ. 436 ಹೋಗಿದ್ದರೆ ಅದು ಜೀವನ್ ಜ್ಯೋತಿ, ಸಾವು ಯಾವ ಕಾರಣದಿಂದ ಆದರೂ 2 ಲಕ್ಷ. ಅದಕ್ಕೆ 50 ವರ್ಷದೊಳಗೆ ಸೇರಬೇಕು. ಯಾರದ್ದು ನಾಮಿನಿ ಅಂತಾನೂ ಕೇಳಿ. ಹೆಂಡತಿಗೆ ಹೇಳಿ. ಖಾತೆಯಲ್ಲಿ ಆ ದಿನ 20 ರೂಪಾಯಿ ಇಲ್ಲದಿದ್ದರೆ ವಿಮೆಯೂ ಇಲ್ಲ, ಅದನ್ನೂ ನೆನಪಿಡಿ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ಯಾಕೆ ಲೈಬ್ರರಿಯೇ ಆಗಬೇಕು?

ಬ್ಯಾಂಕಿನಲ್ಲಿ ಕೇಳೋಕೆ ಹೋದ್ರೆ ಕೌಂಟರ್‌ನಲ್ಲಿ ಸಾಲು, ಹಿಂದಿನವರು ನೂಕ್ತಾರೆ. ಅಲ್ಲದೆ ಅವರು ಮಾರೋರು, ನಾವು ಕೊಳ್ಳೋರು. ಮಾರೋರ ಹತ್ತಿರ ತೂಕ ಕಲಿಯೋಕಾಗಲ್ಲ. ಹೋದ ವರ್ಷ ಒಬ್ಬ ಹುಡುಗನಿಗೆ ಒಂದು ಶಾಖೆಯಲ್ಲಿ ಸಾಲದ ಜೊತೆಗೆ ವರ್ಷಕ್ಕೆ 24,000 ಕಟ್ಟೋ ಪಾಲಿಸಿ ಹಚ್ಚಿದ್ರು. 'ಇದು ಮಾಡಿಸಿದ್ರೆ ಸಾಲ ಬೇಗ ಆಗುತ್ತೆ' ಅಂದ್ರಂತೆ. ಪಾಲಿಸಿ ಕಾಗದ ಕೈಗೆ ಬಂದು 22 ದಿನಕ್ಕೆ ಮೇಜಿಗೆ ತಂದ. ಬೇಡ ಅನ್ನಿಸಿದ್ರೆ 30 ದಿನದೊಳಗೆ ವಾಪಸ್ ಮಾಡಬಹುದು ಅಂತ ಕಾಗದದಲ್ಲೇ ಬರೆದಿರುತ್ತೆ. ಬರವಣಿಗೆಯಲ್ಲಿ ಕೊಟ್ಟ, ಸ್ವಲ್ಪ ಮುರಿದುಕೊಂಡು ಉಳಿದಿದ್ದು ವಾಪಸ್ ಬಂತು. ಇದನ್ನ ಅದೇ ಶಾಖೆಯ ಆರ್ಥಿಕ ಸಾಕ್ಷರತಾ ಭಾಷಣದಲ್ಲಿ ಹೇಳ್ತಿದ್ರಾ?

ಸೊಸೈಟಿಯಲ್ಲಿ ಮಾಡಿದ್ರೆ ಚುನಾವಣೆ ಬರುತ್ತೆ, ಈ ಗುಂಪು ಆ ಗುಂಪು. ದೇವಸ್ಥಾನದ ಕಟ್ಟೆ ಮೇಲೆ ಮಾಡಿದ್ರೆ ಕೆಲವರು ಬರಲ್ಲ, ಯಾಕೆ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಯಾರದೋ ಮನೆ ಜಗಲಿಯಲ್ಲಿ ಸಾಲದ ವಿಷಯ ಬಿಚ್ಚೋಕಾಗಲ್ಲ. ಲೈಬ್ರರಿ ಯಾರದ್ದೂ ಅಲ್ಲ, ಹಾಗಾಗಿ ಎಲ್ಲರದ್ದು. ಮಕ್ಕಳು ಕತೆಪುಸ್ತಕಕ್ಕೆ ಬರ್ತಾರೆ, 2020ರಲ್ಲಿ ಓದುವ ಬೆಳಕು ಶುರುವಾದ ಮೇಲೆ ಇನ್ನೂ ಜಾಸ್ತಿ ಬರ್ತಾರೆ. ಮಕ್ಕಳ ಹಿಂದೆ ಹೆಂಗಸರು ಬರ್ತಾರೆ. ಲೈಬ್ರರಿಗೆ ಹೋಗ್ತೀನಿ ಅಂದ್ರೆ ಮನೆಯಲ್ಲಿ ಯಾರೂ ಯಾಕೆ ಅಂತ ಕೇಳಲ್ಲ.

ಇನ್ನೊಂದು, ಅದಕ್ಕೆ ನಾವು ದುಡ್ಡು ಕೊಡ್ತಾ ಇದೀವಿ. ಮನೆ ಕಂದಾಯದ ರಸೀದಿ ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು, ತೆರಿಗೆಯ ರೂಪಾಯಿಗೆ 6 ಪೈಸೆ. ಗ್ರಾಮ ಪಂಚಾಯ್ತಿ ಲೈಬ್ರರಿಗಳು ಈಗ ಗ್ರಾಮೀಣಾಭಿವೃದ್ಧಿ ಇಲಾಖೆ ಕೆಳಗೆ ಬಂದು ಅರಿವು ಕೇಂದ್ರ ಅಂತ ಬೋರ್ಡ್ ಬದಲಾಗಿದೆ. ಬೋರ್ಡಿನಲ್ಲಿ ಅರಿವು ಅಂತ ಬರೆದ ಮೇಲೆ ನಮಗೆ ದಿನಾ ಬೇಕಾದ ಅರಿವು ಅಲ್ಲಿ ಸಿಗಬೇಕು ಅಂತ ಕೇಳೋದು ನ್ಯಾಯ.

ಇದಕ್ಕೆ ಅಡ್ಡಮಾತು ಹೇಳೋರೂ ಇದಾರೆ. ನನ್ನ ಸ್ನೇಹಿತನೊಬ್ಬ, ಒಳ್ಳೇ ರೈತ, ಮೊನ್ನೆ ಜಗಳಕ್ಕೇ ಬಂದ. 'ರೈತನಿಗೆ ಬೇಕಿರೋದು ಬೆಲೆ ಕಣೋ, ಪಾಠ ಅಲ್ಲ. ಖಾಲಿ ಜೇಬಿಗೆ ಎಂಥಾ ಲೆಕ್ಕ? ಇದೆಲ್ಲ ತಪ್ಪು ನಮ್ಮ ತಲೆ ಮೇಲೆ ಹಾಕೋ ಉಪಾಯ' ಅಂದ.

ಅವನ ಮಾತು ಅರ್ಧಕ್ಕಿಂತ ಜಾಸ್ತಿ ಸರಿ. ಮಳೆ ಕೈಕೊಟ್ಟ ವರ್ಷ, ರೇಟು ಬಿದ್ದ ವರ್ಷ, ಪಾಸ್‌ಬುಕ್ ಎಷ್ಟು ಚೆನ್ನಾಗಿ ಓದಿದರೂ ಅದರಲ್ಲಿ ದುಡ್ಡು ಹುಟ್ಟಲ್ಲ. ಆಸ್ಪತ್ರೆಗೆ, ಬೋರ್‌ವೆಲ್ ಬತ್ತಿದ್ದಕ್ಕೆ ಸಾಲ ಮಾಡಿದವನು ಲೆಕ್ಕ ಬರದೆ ಮಾಡಿದ್ದಲ್ಲ. ವೇದಿಕೆ ಮೇಲೆ ನಿಂತು 'ಉಳಿತಾಯ ಮಾಡಿ, ದುಂದು ಬಿಡಿ' ಅನ್ನೋರನ್ನ ಕಂಡರೆ ನನಗೂ ಮೈ ಉರಿಯುತ್ತೆ. ಉಳಿದರೆ ತಾನೆ ಉಳಿತಾಯ! ಬೆಲೆ ಕೇಳೋ ಹೋರಾಟ ಒಂದು ಕಡೆ ನಡೀಲೇಬೇಕು, ಈ ಕಾರ್ಯಕ್ರಮ ಅದಕ್ಕೆ ಬದಲಿ ಆಗಬಾರದು.

ಆದರೆ ಅವನಿಗೆ ನಾನು ಕೇಳಿದ್ದು ಇಷ್ಟೇ. ನನ್ನ 6,000, ರಾಗಿ ಕೊಟ್ಟವರ 3,600, ಆಯಮ್ಮನ 2 ಲಕ್ಷ, ಇವು ಯಾವ ಬೆಲೆ ಕುಸಿತದಲ್ಲಿ ಹೋಗಿದ್ದು? ಮೂರೂ ನಮ್ಮದಾಗಿದ್ದ ದುಡ್ಡು. ನೀರು ಕಡಿಮೆ ಇರೋ ಬೋರ್‌ವೆಲ್‌ನವನು ಪೈಪಿನ ತೂತು ಮೊದಲು ಮುಚ್ಚಬೇಕು, ಜಾಸ್ತಿ ಇರೋನು ನಿಧಾನಕ್ಕೆ ಮುಚ್ಚಿದರೂ ನಡೆಯುತ್ತೆ. ಕಡಿಮೆ ದುಡ್ಡಿನವರಿಗೇ ಈ ಲೆಕ್ಕ ಜಾಸ್ತಿ ಬೇಕು. ಅವನು ಒಪ್ಪಿದ ಅಂತ ಹೇಳಲ್ಲ. ಮುಂದಿನ ಶನಿವಾರ ಬರ್ತೀನಿ ಅಂದಿದಾನೆ.

ಇನ್ನೊಂದು ಮಾತು, 'ಎಲ್ಲ ಮೊಬೈಲ್‌ನಲ್ಲೇ ಸಿಗುತ್ತಲ್ಲ'. ಸಿಗುತ್ತೆ. ಮೋಸದ ಲಿಂಕೂ ಅದರಲ್ಲೇ ಸಿಗುತ್ತೆ. ಯಾವುದು ಯಾವುದು ಅಂತ ಕೇಳೋಕೆ ಎದುರಿಗೆ ಒಬ್ಬ ಮನುಷ್ಯ ಬೇಕು. ರಿಸರ್ವ್ ಬ್ಯಾಂಕಿನವರೇ ಮೋಸದ ಥರಗಳ ಮೇಲೆ 'ರಾಜು ಮತ್ತು ನಲವತ್ತು ಕಳ್ಳರು' ಅನ್ನೋ ಅರ್ಥದ ಹೆಸರಿನಲ್ಲಿ ಚಿತ್ರದ ಪುಸ್ತಕ ತಂದಿದಾರೆ, ಒಂದೊಂದು ಮೋಸಕ್ಕೂ ಒಂದೊಂದು ಚಿಕ್ಕ ಕತೆ. ಲೈಬ್ರರಿಗೆ ಹೇಳಿ ಮಾಡಿಸಿದಂಥದ್ದು. ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡಬೇಕು ಅನ್ನೋದು ಎಷ್ಟು ಜನಕ್ಕೆ ಗೊತ್ತು? ತಡ ಮಾಡಿದಷ್ಟೂ ದುಡ್ಡು ಕೈಯಿಂದ ಕೈಗೆ ದಾಟಿಹೋಗುತ್ತೆ.

ಹಾಗಾದ್ರೆ ಹೇಗೆ ನಡೀಬೇಕು? ವರ್ಷದ ಅನುಭವದಲ್ಲಿ ನನಗೆ ಕಂಡಿದ್ದು ಹೇಳ್ತೀನಿ, ನಿಮ್ಮ ಊರಿಗೆ ತಕ್ಕ ಹಾಗೆ ಬದಲಾಯಿಸ್ಕೊಳ್ಳಿ.

ವರ್ಷಕ್ಕೊಂದು ಸಪ್ತಾಹ ಸಾಲದು, ತಿಂಗಳಿಗೊಂದು ಸಂಜೆ ಬೇಕು. ಗ್ರಾಮೀಣ ಶಾಖೆಗಳು ತಿಂಗಳಿಗೊಂದು ಆರ್ಥಿಕ ಸಾಕ್ಷರತಾ ಶಿಬಿರ ಮಾಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿಯೇ ಇದೆ. ಆ ಶಿಬಿರ ಲೈಬ್ರರಿಯಲ್ಲಿ, ಸಂಜೆ ಹೊತ್ತು ಮಾಡಿ ಅಂತ ಪಂಚಾಯ್ತಿಯಿಂದ ಪತ್ರ ಬರೆಸೋಣ. ಬಂದವರು ಭಾಷಣ ಮಾಡೋದು ಬೇಡ, ಕೂತು ಪ್ರಶ್ನೆಗೆ ಉತ್ತರ ಕೊಡಲಿ. ಯಾವ ಪಾಲಿಸಿ, ಯಾವ ಸ್ಕೀಮೂ ಆ ಮೇಜಿನ ಮೇಲೆ ಮಾರೋ ಹಾಗಿಲ್ಲ. ಏಜೆಂಟರಿಗೆ ಪೇಪರ್ ಓದೋಕೆ ಮಾತ್ರ ಜಾಗ.

ವಿಷಯ ಬೆಳೆ ಜೊತೆ ಹೋಗಬೇಕು. ಬಿತ್ತನೆಗೆ ಮುಂಚೆ ಬೆಳೆ ವಿಮೆ: ಮುಂಗಾರು ಆಹಾರ ಬೆಳೆಗೆ ರೈತನ ಪಾಲು ವಿಮಾ ಮೊತ್ತದ 2 ಪರ್ಸೆಂಟ್, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5ರವರೆಗೆ. ಕೊನೇ ದಿನಾಂಕ ಯಾವುದು, ಪಹಣಿಯಲ್ಲಿ ಬೆಳೆ ಸರಿಯಾಗಿದೆಯಾ ಅಂತ ನೋಡೋದು. ಕೊಯ್ಲಿಗೆ ಮುಂಚೆ ಎಫ್‌ಐಡಿ, ಆಧಾರ್ ಜೋಡಣೆ. ಬೆಳೆ ಸಾಲದ ಗಡುವಿಗೆ ಎರಡು ತಿಂಗಳು ಮುಂಚೆ, ಯಾವಾಗ ಎಷ್ಟು ಮಾರಿದ್ರೆ ಗಡುವಿಗೆ ಕಟ್ಟಬಹುದು ಅನ್ನೋ ಲೆಕ್ಕ. ನಿಮ್ಮ ಬೆಳೆ ಮಾರೋ ಕಾಲಕ್ಕೆ ಗಡುವು ಹೊಂದದಿದ್ದರೆ ಬ್ಯಾಂಕಿನಲ್ಲಿ ಕೇಳಿ. ಮಾರಾಟದ ಕಾಲ ನೋಡಿ ಗಡುವು ಇಡಬೇಕು ಅನ್ನೋದೇ ಕಿಸಾನ್ ಕಾರ್ಡಿನ ಪದ್ಧತಿ. ನಾನು ಆಮೇಲೆ ಕೇಳಿ ಸರಿ ಮಾಡಿಸ್ಕೊಂಡೆ. ಹತ್ತು ವರ್ಷ ಕೇಳಿರಲಿಲ್ಲ.

ಮರ್ಯಾದೆ ಕಾಯಬೇಕು. ಒಬ್ಬರದ್ದು ಓದುವಾಗ ಉಳಿದವರು ದೂರದ ಬೆಂಚಿನಲ್ಲಿ ಕೂರ್ತಾರೆ. ಪಾಸ್‌ಬುಕ್ ಫೋಟೋ ತೆಗೆಯೋ ಹಾಗಿಲ್ಲ, ಒಳ್ಳೇ ಉದ್ದೇಶಕ್ಕಾದರೂ ಸರಿ. ಪಿನ್, ಒಟಿಪಿ ನಮಗೂ ಹೇಳಬೇಡಿ, ಯಾರಿಗೂ ಹೇಳಬೇಡಿ. ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆದಾಗ ಪ್ರತಿ ಸಲ ರಸೀದಿ ಕೇಳಿ ತಗೊಳ್ಳಿ. ಕೇಳಿದ ಮಾತು ಮೇಜು ಬಿಟ್ಟು ಆಚೆ ಹೋಗಬಾರದು. ಒಂದು ಸಲ ಹೋಯ್ತು ಅಂದ್ರೆ ಮತ್ತೆ ಯಾರೂ ಬರಲ್ಲ.

ಬ್ಯಾಂಕಿನವರೂ ಸ್ವಲ್ಪ ಕಲೀಬೇಕು. ಪಾಸ್‌ಬುಕ್‌ನಲ್ಲಿ 'ಐಎನ್‌ಟಿ', 'ಸಿಎಚ್‌ಆರ್‌ಜಿ' ಅಂತ ಇಂಗ್ಲಿಷ್ ತುಂಡು ಅಕ್ಷರ ಹೊಡೆದು, ರೈತನಿಗೆ ಸಾಕ್ಷರತೆ ಇಲ್ಲ ಅಂದ್ರೆ ಹೇಗೆ? ಬಡ್ಡಿ, ಶುಲ್ಕ, ವಿಮೆ ಅಂತ ಕನ್ನಡದಲ್ಲಿ ಅಚ್ಚಾದ್ರೆ ನಮ್ಮ ಅರ್ಧ ಕೆಲಸ ಕಡಿಮೆ ಆಗುತ್ತೆ. ದೂರು ಇದ್ರೆ ಮೊದಲು ಶಾಖೆಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ತಗೊಳ್ಳಿ. 30 ದಿನದಲ್ಲಿ ಉತ್ತರ ಬರಲಿಲ್ಲ ಅಂದ್ರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಖರ್ಚಿಲ್ಲ. ಮಾಹಿತಿಗೆ ಫೋನ್ 14448.

ಗ್ರಂಥಪಾಲಕಿಯ ಮೇಲೆ ಎಲ್ಲ ಹೊರಿಸೋದೂ ಬೇಡ. ಬಾಗಿಲು ತೆಗೆದು ಮೇಜು ಕೊಟ್ಟರೆ ಅವರ ಕೆಲಸ ಆಯ್ತು. ಪ್ರತಿ ಊರಲ್ಲೂ ಒಬ್ಬ ನಿವೃತ್ತ ಮೇಷ್ಟ್ರು, ಪೋಸ್ಟಿನವರು, ಡಿಗ್ರಿ ಮುಗಿಸಿ ಕೂತ ಹುಡುಗಿ ಇದ್ದೇ ಇರ್ತಾರೆ. ಕೇಳಿ ನೋಡಿ, ಇಲ್ಲ ಅನ್ನಲ್ಲ.

ಬರೋ ಎರಡನೇ ಶನಿವಾರ ಸಂಜೆ ಐದಕ್ಕೆ ಸಿಗೋಣ. ಪಾಸ್‌ಬುಕ್ ಎಂಟ್ರಿ ಹಾಕಿಸ್ಕೊಂಡು ಬನ್ನಿ, ಮನೆಯಲ್ಲಿರೋ ಎಲ್ಲ ಪಾಸ್‌ಬುಕ್ಕೂ ತನ್ನಿ, ಕನ್ನಡಕ ಮರೀಬೇಡಿ. ಹೆಂಗಸರನ್ನ ಕರ್ಕೊಂಡು ಬನ್ನಿ. ಅವರನ್ನ ಹೊರಗೆ ಕೂರಿಸಬೇಡಿ, ಒಳಗೆ ಮುಂದೆ ಕೂರಿಸಿ. ಹೋದ ಸಲ ಮೊದಲು ಬಂದು ಕೂತವರು ಆಯಮ್ಮನೇ. ಈಗ ಬೇರೆಯವರ ಪಾಸ್‌ಬುಕ್‌ನಲ್ಲಿ 20 ರೂಪಾಯಿ ಸಾಲು ಹುಡುಕಿಕೊಡೋದು ಅವರದ್ದೇ ಕೆಲಸ. ಇಂಗ್ಲಿಷ್ ಓದೋಕೆ ಬರಲ್ಲ, ಆ ಅಕ್ಷರಗಳ ಆಕಾರ ಮಾತ್ರ ಗುರುತು ಹಿಡೀತಾರೆ. ಈವರೆಗೆ ಹನ್ನೊಂದು ಮನೆಗೆ ಹುಡುಕಿಕೊಟ್ಟಿದಾರೆ.

ನಿಮ್ಮ ಊರಲ್ಲಿ ಇಂಥದ್ದು ನಡೀತಾ ಇದ್ರೆ ಕೆಳಗೆ ಬರೀರಿ. ತಪ್ಪು ಹೇಳಿದ್ರೆ ತಿದ್ದಿ.